ಆರು ಕಾಲಿನ ಯಂತ್ರವನ್ನು ಅತ್ತೆಯ ಸಮೇತ ದೊಡ್ಡಿಯಿಂದ ಬಿಡುವ ಬಗ್ಗೆ

ದಿನಾಂಕ: 19–8–1974, ಸೋಮವಾರ

ಇಂದ:
ಆವಲಪ್ಪ ಬಿನ್ ಲೇಟ್ ಮುನಿಶಾಮಪ್ಪ, ವಯಸ್ಸು ಸುಮಾರು ಮೂವತ್ತೆಂಟು,
ಮಗ್ಗದ ಮೇಸ್ತ್ರಿ, ಕಲ್ಲುಬಾವೇನಹಳ್ಳಿ,
ದೊಡ್ಡಬೆಳವಂಗಲ ಹೋಬಳಿ, ದೊಡ್ಡಬಳ್ಳಾಪುರ ತಾಲ್ಲೂಕು.

ಗೆ:
ಮಾನ್ಯ ಅಧ್ಯಕ್ಷರು,
ಗ್ರಾಮ ಪಂಚಾಯಿತಿ, ಕಲ್ಲುಬಾವೇನಹಳ್ಳಿ.

ವಿಷಯ: ಬೀಡಾಡಿ ದನವೆಂದು ಪಂಚಾಯಿತಿ ದೊಡ್ಡಿಗೆ ಸೇರಿಸಿರುವ ಆರು ಕಾಲಿನ ನಡೆಯುವ ಯಂತ್ರವನ್ನೂ, ಅದರಿಂದ ಇಳಿಯಲೊಲ್ಲದೆ ಕುಳಿತಿರುವ ಸೊಣ್ಣಮ್ಮನವರನ್ನೂ ಒಟ್ಟಿಗೆ ಬಿಡುಗಡೆ ಮಾಡುವ ಬಗ್ಗೆ.

ಉಲ್ಲೇಖ: 1) ದೊಡ್ಡಿ ರಿಜಿಸ್ಟರ್, ಪುಟ 41, ಕ್ರಮ ಸಂಖ್ಯೆ 7 (ಆರನೆಯದು ಕರಿ ಎಮ್ಮೆ, ಎಂಟನೆಯದು ಮೇಕೆ).
2) ದೊಡ್ಡಿ ಕಾವಲುಗಾರ ಚಿನ್ನಸ್ವಾಮಿ ಬಾಯಿಮಾತಿನಲ್ಲಿ ಹೇಳಿದ್ದು: 'ಕರ್ಕೊಂಡೋಗಪ್ಪಾ ಮೇಸ್ತ್ರಿ, ಕೈ ಮುಗೀತೀನಿ.'

ಮಾನ್ಯರೇ,

ಅರ್ಜಿದಾರನು 'ನಾಲ್ಕು ಸಾಲು ಬರೀರಿ ಸಾರ್, ಸಾಕು' ಎಂದ. ಆದರೆ ಇಪ್ಪತ್ತೆರಡು ವರ್ಷದಿಂದ ತಾಲ್ಲೂಕು ಕಛೇರಿ ಎದುರಿನ ಹೊಂಗೆಮರದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಕೂತಿರುವ ಈ ಬರಹಗಾರನಿಗೆ ಗೊತ್ತಿದೆ, ಅರ್ಜಿ ಗಿಡ್ಡವಾದಷ್ಟೂ ಅಧಿಕಾರದಲ್ಲಿರುವವರ ಅನುಮಾನ ಉದ್ದವಾಗುತ್ತದೆ. ಆದ್ದರಿಂದ ಅರ್ಜಿದಾರನು ಹೇಳಿದ್ದನ್ನೂ, ಹೇಳಬೇಡಿ ಎಂದದ್ದನ್ನೂ ಸೇರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಸದರಿ ಸೊಣ್ಣಮ್ಮನವರು ಅರ್ಜಿದಾರನಿಗೆ ಸ್ವಂತ ಅಕ್ಕ. ಅಕ್ಕನ ಮಗಳು ಮುನಿರತ್ನಮ್ಮನನ್ನೇ ಮದುವೆಯಾಗಿರುವ ಕಾರಣ ಅತ್ತೆಯೂ ಹೌದು. ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವರೂ ಅವರೇ. ಒಬ್ಬರ ಕೈಯಲ್ಲೇ ಮೂರು ಅಧಿಕಾರ ಇರುವುದರಿಂದ ಆ ಮನೆಯಲ್ಲಿ ಅಪೀಲಿಗೆ ಅವಕಾಶವಿಲ್ಲ.

2. ಹಳ್ಳದಾಚೆಯ ಎರಡೆಕರೆ ಹೊಲ ಸೊಣ್ಣಮ್ಮನವರದು. ದಿನಕ್ಕೊಂದು ಸಲ ಅಲ್ಲಿಗೆ ಹೋಗಿ ಯಾರನ್ನಾದರೂ ಬೈದು ಬರದಿದ್ದರೆ ಅವರಿಗೆ ಮುದ್ದೆ ಇಳಿಯುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಹುಲ್ಲಿನ ಮೆದೆಯ ಮೇಲಿಂದ ಬಿದ್ದು ಸೊಂಟ ಮುರಿಯಿತು. ಕಾಲಿನ ಸ್ವಾಧೀನ ಹೋಯಿತು. ಆಸ್ಪತ್ರೆಯವರು ಕೈಚೆಲ್ಲಿದರು. ಜಗುಲಿ ಹಿಡಿದು ಕೂತವರನ್ನು ಒಂದು ದಿನ ನಾಲ್ಕು ಜನ ಮಂಚದ ಮೇಲೆ ಕೂರಿಸಿ ಹೊಲಕ್ಕೆ ಹೊತ್ತರು. ಅರ್ಧ ದಾರಿಯಲ್ಲಿ ಸೊಣ್ಣಮ್ಮನವರು, 'ತಿರುಗ್ಸಿ ಮನೆ ಕಡೆಗೆ. ನಾಲ್ಕು ಜನ ಹೊರೋದು ಒಂದೇ ಸಲ. ಅದಕ್ಕಿನ್ನೂ ಟೈಮ್ ಐತೆ' ಎಂದರು. ಅಂದಿನಿಂದ ಹೊಲದ ಮಾತು ಎತ್ತಲಿಲ್ಲ. ಬರಬರುತ್ತ ಬೈಯುವುದನ್ನೂ ಬಿಟ್ಟರು. ಬೈಗುಳ ನಿಂತ ಮನೆಯಲ್ಲಿ ಅರ್ಜಿದಾರನಿಗೆ ಹೆದರಿಕೆಯಾಯಿತು.

3. ಗಾಡಿ ಕಟ್ಟಬಾರದಿತ್ತೇ ಎಂದು ತಾವು ಕೇಳಬಹುದು. ಗಾಡಿ ಹಳ್ಳದವರೆಗೆ ಮಾತ್ರ. ಅಲ್ಲಿಂದಾಚೆ ಮೊಣಕಾಲೆತ್ತರದ ಕಲ್ಲುಬದುಗಳು ಏಳು. ಬದು ಹತ್ತಿ ಇಳಿಯುವುದು ಕಾಲಿನ ಕೆಲಸ, ಚಕ್ರದ್ದಲ್ಲ. ಆದಕಾರಣ ಅರ್ಜಿದಾರನು ಕಾಲು ಮಾಡುವ ಯೋಚನೆಗೆ ಬಿದ್ದ. ನಾಲ್ಕು ಕಾಲಿನಲ್ಲಿ ಎರಡನ್ನು ಎತ್ತಿದರೆ ಉಳಿದೆರಡರ ಮೇಲೆ ಮಂಚ ನಿಲ್ಲದು. ಮೂರು ಕಾಲಿನ ಮಣೆಯಾದರೋ ಎಂಥ ತಗ್ಗುದಿಣ್ಣೆಯಲ್ಲೂ ಅಲುಗದೆ ಕೂರುತ್ತದೆ. ಆದ್ದರಿಂದ ಮೂರು ನೆಲದ ಮೇಲೆ, ಮೂರು ಗಾಳಿಯಲ್ಲಿ, ಸರದಿಯಂತೆ. ಒಟ್ಟು ಆರು. ಇದನ್ನು ಖಚಿತಪಡಿಸಿಕೊಳ್ಳಲು ಅವನು ಒಂದು ಭಾನುವಾರವಿಡೀ ತಿಪ್ಪೆಯ ಬಳಿ ಸಗಣಿಹುಳದ ಹಿಂದೆ ಕುಕ್ಕರಗಾಲಲ್ಲಿ ತೆವಳಿದ್ದನ್ನು ಊರೇ ನೋಡಿದೆ. ಮೇಸ್ತ್ರಿಗೆ ತಲೆ ಕೆಟ್ಟಿದೆ ಎಂಬ ವದಂತಿ ಅಂದಿನದು.

4. ಗುಜರಿಗೆ ಬಿದ್ದ ಮಗ್ಗದ ಕಬ್ಬಿಣ, ಹಳೆಯ ಸೈಕಲ್ ಚೈನು, ಹಲ್ಲುಚಕ್ರಗಳಿಂದ ಹನ್ನೊಂದು ತಿಂಗಳಲ್ಲಿ ಯಂತ್ರ ಎದ್ದು ನಿಂತಿತು. ಮೊದಲ ಪರೀಕ್ಷೆಯ ದಿನ ಒಂದೇ ಕಡೆಯ ಮೂರೂ ಕಾಲು ಒಟ್ಟಿಗೆ ಎದ್ದು, ಯಂತ್ರ ಕೋಳಿಗೂಡಿನ ಮೇಲೆ ಮಗುಚಿಕೊಂಡಿತು. ಒಂದು ಹುಂಜ ತೀರಿಕೊಂಡಿತು. ಅದನ್ನು ಅಂದೇ ಸಾರು ಮಾಡಿ ವಿಲೇವಾರಿ ಮಾಡಲಾಯಿತು. ಬಲಗಡೆ ಒಂದು, ಎಡಗಡೆ ಎರಡು, ಮರುಹೆಜ್ಜೆಗೆ ಅದಲುಬದಲು ಎಂದು ಹೊಂದಿಸಿದ ಮೇಲೆ ಮಗುಚಿಲ್ಲ. ಇಷ್ಟಕ್ಕೂ ಸೊಣ್ಣಮ್ಮನವರ ಕಾಲು ಹೋಗಿತ್ತೇ ಹೊರತು ಕೈ ಹೋಗಿರಲಿಲ್ಲ. ನಲವತ್ತು ವರ್ಷ ರಾಗಿ ಬೀಸಿದ ತೋಳು ಅದು. ಆದ್ದರಿಂದ ಕುರ್ಚಿಯ ಮುಂದೆ ಬೀಸುವ ಕಲ್ಲಿನ ಅಳತೆಗೇ ಒಂದು ಚಕ್ರ ಮಲಗಿಸಿ, ಅವರದೇ ಕಲ್ಲಿನ ಗೂಟ ಕಿತ್ತು ಅದಕ್ಕೆ ಹೊಡೆದ. ಬೀಸಿದರೆ ನಡೆಯುತ್ತದೆ. ಕೈಬಿಟ್ಟರೆ ನಿಲ್ಲುತ್ತದೆ. (ಈ ಕೊನೆಯ ಮಾತನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು.)

5. ತಿರುಗುವುದಕ್ಕೆ ರಟ್ಟು. ಸೀರೆಯ ಅಂಚಿನಲ್ಲಿ ಹೂವೋ ಹಂಸವೋ ಬರಲು ಮಗ್ಗದ ಮೇಲೆ ತೂತು ಹೊಡೆದ ರಟ್ಟುಗಳ ಸರ ತಿರುಗುವುದನ್ನು ತಾವು ದೊಡ್ಡಬಳ್ಳಾಪುರದಲ್ಲಿ ನೋಡಿರುತ್ತೀರಿ. ಅದನ್ನೇ ಇಲ್ಲಿ ಹಾಕಿದ. ಒಂದು ರಟ್ಟಿಗೆ ಒಂದು ಹೆಜ್ಜೆ. ತೂತು ಎಡಕ್ಕಿದ್ದರೆ ಎಡಗಾಲಿನ ಹೆಜ್ಜೆ ಗಿಡ್ಡವಾಗಿ ಯಂತ್ರ ಎಡಕ್ಕೆ ಹೊರಳುತ್ತದೆ, ಬಲಕ್ಕಿದ್ದರೆ ಬಲಕ್ಕೆ. ಹಿತ್ತಲಿನಿಂದ ಹಳ್ಳ ದಾಟಿ ಹೊಲ ಮುಟ್ಟುವ ದಾರಿಯನ್ನೆಲ್ಲ ಹೆಜ್ಜೆ ಎಣಿಸಿ ರಟ್ಟಿಗೆ ಇಳಿಸಿದ. ಅದನ್ನು ಸರವಾಗಿ ಹೊಲಿದವಳು ಮುನಿರತ್ನಮ್ಮ. ಮಗ್ಗದ ಮಾಲೀಕರಿಗೆ ರಟ್ಟು ಹೊಲಿದುಕೊಡುವುದೇ ಅವಳ ಕಸುಬು.

6. ತಪ್ಪು ಆದದ್ದು ಇಲ್ಲಿ. ಕಳೆದ ಶುಕ್ರವಾರ, ಸೊಣ್ಣಮ್ಮನವರನ್ನು ಮೊದಲ ಸಲ ಯಂತ್ರದ ಮೇಲೆ ಕೂರಿಸಿದ ಬೆಳಿಗ್ಗೆ, ಮನೆಬಾಗಿಲ ಪಕ್ಕದ ಮೊಳೆಗಳಲ್ಲಿ ಎರಡು ಸರ ತೂಗುತ್ತಿದ್ದವು. ಮಗ್ಗದ ಮನೆಯಲ್ಲಿ ಪಾಳಿಗೆ ಹೋದವನು ಬಾಗಿಲಿಗೆ ಹತ್ತಿರದ ಮೊಳೆಯ ಸರವನ್ನು ಏರಿಸುವುದು ರೂಢಿ. ಹದಿನೈದು ವರ್ಷದ ಕೈರೂಢಿಯಂತೆ ಅರ್ಜಿದಾರನು ಅದನ್ನೇ ಏರಿಸಿದ. ಅದು ಹೊಲದ ದಾರಿಯಲ್ಲ, ಯಾರದೋ ಸೀರೆಯ ಮಾವಿನಕಾಯಿ ಅಂಚು.

7. ಸೊಣ್ಣಮ್ಮನವರು ಸೆರಗು ಸಿಕ್ಕಿಸಿ ಬೀಸತೊಡಗಿದರು. ಯಂತ್ರ ಎದ್ದಿತು, ನಡೆಯಿತು, ಹಿತ್ತಲಿಗೆ ತಾಗಿಕೊಂಡ ಬೈರಪ್ಪನ ಹೊಲಕ್ಕೆ ಹೊರಳಿತು. ಅಲ್ಲಿ ರಾಗಿ ಪೈರು ಆಗಷ್ಟೇ ಬೆರಳುದ್ದ ಬಂದಿತ್ತು. ಅರ್ಜಿದಾರನು ಪಕ್ಕದಲ್ಲೇ ಓಡುತ್ತ, 'ಅಕ್ಕಾ, ಕೈಬಿಡು! ಕೈಬಿಡಕ್ಕಾ!' ಎಂದು ಕೂಗಿದ. ಯಂತ್ರ ನಿಲ್ಲಲಿಲ್ಲ. ಗೂಟ ಸಿಕ್ಕಿಕೊಂಡಿದೆ ಎಂದೇ ಅವನು ತಿಳಿದ. ಬೈರಪ್ಪ ಬರುವಷ್ಟರಲ್ಲಿ ಪೈರಿನ ಮೇಲೆ ಸಾಲಾಗಿ ಒಂಬತ್ತು ಮಾವಿನಕಾಯಿ ಮೂಡಿದ್ದವು. ಬೈರಪ್ಪನ ಹೆಂಡತಿ ಮುನಿಗಂಗಮ್ಮ, 'ಎಷ್ಟು ಲಕ್ಷಣವಾಗೈತೆ, ಅಳಿಸ್ಬೇಡಿ, ಆದಿತ್ವಾರ ನಮ್ಮಕ್ಕ ಬರ್ತಾಳೆ ತೋರಿಸ್ಬೇಕು' ಎಂದದ್ದರಿಂದ ಬೈರಪ್ಪನ ಸಿಟ್ಟು ಎರಡರಷ್ಟಾಯಿತು. ಬೆಳೆ ಮೇಯ್ದ ದನವನ್ನು ಏನು ಮಾಡುವುದು ವಾಡಿಕೆಯೋ ಅದನ್ನೇ ಮಾಡಿದ. ಮುಂದಿನ ಕಂಬಿಗೆ ಹಗ್ಗ ಹಾಕಿ ದೊಡ್ಡಿಗೆ ಎಳೆದ.

8. 'ಎಳೀಬೇಡ ಬೈರ, ನಾನೇ ಬರ್ತೀನಿ' ಎಂದು ಸೊಣ್ಣಮ್ಮನವರು ಬೀಸುತ್ತಲೇ ಹೋದರು. ಸರ ಮಾವಿನಕಾಯಿಯದೇ ಆದ್ದರಿಂದ ಯಂತ್ರ ಊರಬೀದಿಯಲ್ಲಿ ಒಮ್ಮೆ ಎಡಗಡೆ ಜಗುಲಿಗೆ, ಒಮ್ಮೆ ಬಲಗಡೆ ಜಗುಲಿಗೆ ತಾಗುವಂತೆ ಹೊರಳುತ್ತ ಸಾಗಿತು. ಹೀಗಾಗಿ ಒಂದು ಮನೆಯೂ ತಪ್ಪಲಿಲ್ಲ. ಪ್ರತಿ ಬಾಗಿಲಲ್ಲೂ ಸೊಣ್ಣಮ್ಮನವರು ಯೋಗಕ್ಷೇಮ ಕೇಳಿದರು. ಮೂವರನ್ನು ಬೈದರು. ಅಧ್ಯಕ್ಷರಾದ ತಮ್ಮ ಮನೆಯಲ್ಲಿ ತಮ್ಮ ಧರ್ಮಪತ್ನಿ ಲಕ್ಷ್ಮೀದೇವಮ್ಮನವರು ಮಜ್ಜಿಗೆ ಕೊಟ್ಟದ್ದು ತಮಗೆ ತಿಳಿದಿರಬಹುದು. ತಿಳಿಯದಿದ್ದಲ್ಲಿ ಈ ವಾಕ್ಯವನ್ನು ಓದದೆ ಮುಂದಕ್ಕೆ ಹೋಗಬೇಕಾಗಿ ಕೋರಿಕೆ. ಎರಡು ಫರ್ಲಾಂಗಿನ ದಾರಿಗೆ ಮಧ್ಯಾಹ್ನವಾಯಿತು.

9. ಚಿನ್ನಸ್ವಾಮಿ ಕರ್ತವ್ಯನಿಷ್ಠ. ರಿಜಿಸ್ಟರಿನ ಕಲಮುಗಳನ್ನು ಖಾಲಿ ಬಿಡುವಂತಿಲ್ಲವಾದ್ದರಿಂದ ಹೀಗೆ ತುಂಬಿದ್ದಾನೆ: ಬಣ್ಣ, ತುಕ್ಕು. ಕೊಂಬು, ಇಲ್ಲ. ಹಲ್ಲು, ಬಹಳ. ಹಾಲು, ಕೊಡುವುದಿಲ್ಲ, ಎಣ್ಣೆ ಕುಡಿಯುತ್ತದೆ. ವಿಶೇಷ ಗುರುತು, ಮೇಲೆ ಸೊಣ್ಣಮ್ಮಕ್ಕ. ಆದರೆ ಬಿಡಿಸಿಕೊಳ್ಳಲು ಹೋದರೆ, 'ಎಮ್ಮೆಗೆ ರೇಟೈತೆ, ಕತ್ತೆಗೈತೆ, ಇದಕ್ಕಿಲ್ಲ. ರೇಟಿಲ್ದೆ ರಸೀದಿ ಇಲ್ಲ, ರಸೀದಿ ಇಲ್ದೆ ಬಿಡೋಂಗಿಲ್ಲ' ಎನ್ನುತ್ತಾನೆ. ಏಳು ದಿನ ಕಳೆದರೆ ಹರಾಜು. ಗುಜರಿಯವನು ಆಗಲೇ ಎರಡು ಸಲ ಬಂದು ಆರೂ ಕಾಲನ್ನು ಬೆರಳಿನಿಂದ ತಟ್ಟಿ ನೋಡಿ ಹೋಗಿದ್ದಾನೆ.

10. ಸೊಣ್ಣಮ್ಮನವರಾದರೂ ಮನೆಗೆ ಬರಬಹುದಿತ್ತು. ಬರಲೊಲ್ಲರು. ಇಳಿದರೆ ನಾಲ್ಕು ಜನ ಹೊರಬೇಕು. ಆದಕಾರಣ ಮೂರು ದಿನದಿಂದ ಯಂತ್ರದ ಮೇಲೆಯೇ ಊಟ, ಎಲೆಅಡಿಕೆ. ಅಲ್ಲಿಂದಲೇ ದೊಡ್ಡಿಯ ಆಡಳಿತವನ್ನೂ ವಹಿಸಿಕೊಂಡಿದ್ದಾರೆ. ದನ ನೀರು ಕುಡಿಯುವ ಬಾನಿ ತುಂಬಿದೆ, ಸಗಣಿ ಎತ್ತಲಾಗಿದೆ. ದನ ಬಿಡಿಸಿಕೊಳ್ಳಲು ಬಂದವರಿಗೆ ಆಗುತ್ತಿರುವ ಮಂಗಳಾರತಿಯನ್ನು ಕೇಳಿ ಊರಿನವರು ತಮ್ಮ ದನಗಳನ್ನು ಕಟ್ಟಿಹಾಕತೊಡಗಿದ್ದಾರೆ. ಎಂಟನೇ ಸಂಖ್ಯೆಯ ಮೇಕೆಯೇ ಕೊನೆ, ಆಮೇಲೆ ಒಂದೂ ಬಂದಿಲ್ಲ.

11. ನಿನ್ನೆ ಅರ್ಜಿದಾರನು ಗೂಟ ಎಲ್ಲಿ ಸಿಕ್ಕಿಕೊಂಡಿದೆ ನೋಡೋಣವೆಂದು ಸ್ಪ್ಯಾನರ್ ಹಿಡಿದು ದೊಡ್ಡಿಗೆ ಹೋದ. ಚಕ್ರ ಬಿಚ್ಚಿದ. ಏನೂ ಸಿಕ್ಕಿರಲಿಲ್ಲ.

'ಅಕ್ಕಾ, ಎಲ್ಲಾ ಸರಿಯಾಗೇ ಐತೆ. ಕೈಬಿಡು ಅಂತ ಕೂಗ್ದಾಗ ಯಾಕೆ ಬಿಡ್ಲಿಲ್ಲ?'

ಸೊಣ್ಣಮ್ಮನವರು ಎಲೆಅಡಿಕೆ ಉಗಿದರು. 'ಎರಡು ವರ್ಷ ಆದ್ಮೇಲೆ ನಡೀತಿದ್ದೆ ಕಣೋ ಆವಲ. ಎಂಗೋ ಬಿಡ್ಲಿ?'

12. ಇದನ್ನು ಹೇಳುವಾಗ ಅರ್ಜಿದಾರನು ಟವಲಿನಿಂದ ಮುಖ ಒರೆಸಿಕೊಂಡ. ಬಿಸಿಲು ಎಂದ. ಹೊಂಗೆಮರದ ಕೆಳಗೆ ಬಿಸಿಲಿಲ್ಲ. ಈ ಅಂಶವನ್ನು ಬರೆದರೆ ಬೇಕೆಂದೇ ಹೊಲ ತುಳಿದಂತಾಗುತ್ತದೆ, ಬಿಟ್ಟುಬಿಡೋಣವೆಂದು ಬರಹಗಾರನು ಬುದ್ಧಿ ಹೇಳಿದ. ಅವನು ಒಪ್ಪಲಿಲ್ಲ. 'ಬರೀರಿ ಸಾರ್. ನಮ್ಮಕ್ಕ ಬೇಕಂತ್ಲೇ ನಡೆದ್ಲು ಅಂತ ಬರೀರಿ.' ಬರೆದ ಮೇಲೆ ಬರಹಗಾರನಿಗೂ ಹೊಳೆಯಿತು: ದೊಡ್ಡಿಗೆ ಹಾಕಲು ಬರುವುದು ಬೀಡಾಡಿಯನ್ನು, ಅಂದರೆ ಹೇಳುವವರು ಕೇಳುವವರಿಲ್ಲದೆ ತಿರುಗುವುದನ್ನು. ಇಲ್ಲಿ ಯಾವುದೂ ತಾನಾಗಿ ತಿರುಗಿಲ್ಲ. ಸೊಣ್ಣಮ್ಮನವರು ನಡೆದಿದ್ದಾರೆ. ಕಾರಣ, ಪಂಚಾಯಿತಿಯು ಹಿಡಿದಿಟ್ಟಿರುವುದು ದನವನ್ನಲ್ಲ, ಒಬ್ಬ ಹೆಂಗಸಿನ ಕಾಲುಗಳನ್ನು.

ಆದ್ದರಿಂದ ತಾವು ದಯಮಾಡಿ,

(ಅ) ರಿಜಿಸ್ಟರಿನಲ್ಲಿ 'ಬೀಡಾಡಿ' ಎಂಬುದನ್ನು ಹೊಡೆದುಹಾಕಿ 'ಸೊಣ್ಣಮ್ಮನವರ ಕಾಲು' ಎಂದು ತಿದ್ದಿ ಬಿಡುಗಡೆಗೆ ಅಪ್ಪಣೆ ಕೊಡಬೇಕಾಗಿಯೂ;

(ಆ) ರೇಟು ಆಗಲೇಬೇಕೆಂದರೆ, ಕಾಲಿನ ಲೆಕ್ಕದಲ್ಲಿ ಒಂದೂವರೆ ಎಮ್ಮೆ ಎಂದು ಹಾಕಿಕೊಳ್ಳಬೇಕಾಗಿಯೂ;

(ಇ) ಬೈರಪ್ಪನ ಹೊಲದ ತುಳಿದ ಜಾಗಕ್ಕೆ ಅರ್ಜಿದಾರನೇ ಪೈರು ನಾಟಿ ಮಾಡಿಕೊಡಲು ಒಪ್ಪಿರುವುದನ್ನು ಗಮನಿಸಬೇಕಾಗಿಯೂ (ಮುನಿಗಂಗಮ್ಮ ಇರಲಿ ಎಂದ ಎರಡು ಮಾವಿನಕಾಯಿ ಹೊರತು);

(ಈ) ನೆಟ್ಟಗೆ ಮನೆ ಸೇರುವಂತೆ ಮುನಿರತ್ನಮ್ಮ ಹೊಸ ಸರ ಹೊಲಿದು ತಂದಿದ್ದರೂ ಸೊಣ್ಣಮ್ಮನವರು ಬೇಡವೆಂದು, ವಾಪಸಿಗೂ ಮಾವಿನಕಾಯಿ ಸರವೇ ಇರಲಿ ಎಂದಿರುವುದರಿಂದ, ಬಿಡುಗಡೆಯ ದಿನ ಊರಬೀದಿಯ ಎರಡೂ ಕಡೆಯವರು ಬಾಗಿಲು ತೆಗೆದುಕೊಂಡು ಜಗುಲಿಯ ಮೇಲೆ ಇರತಕ್ಕದ್ದೆಂದು ಟಾಂ ಟಾಂ ಹೊಡೆಸಬೇಕಾಗಿಯೂ ಪ್ರಾರ್ಥನೆ.

ದೊಡ್ಡಿಯ ಬಾಗಿಲ ಹೊರಗೆ ಕಾದು ನಿಂತಿರುವ
ತಮ್ಮ ವಿಶ್ವಾಸಿ,
(ಆವಲಪ್ಪ)

ಬಿಕ್ಕಲಂ: ಸಂಜೀವಪ್ಪ, ಅರ್ಜಿ ಬರಹಗಾರ, ಹೊಂಗೆಮರದ ಕೆಳಗೆ, ದೊಡ್ಡಬಳ್ಳಾಪುರ.

ಲಗತ್ತುಗಳು:
1. ಚಿನ್ನಸ್ವಾಮಿಯ ರಜಾ ಅರ್ಜಿ. ಯಂತ್ರ ಹೋಗುವವರೆಗೆ ರಜೆ ಬೇಕೆಂದು.
2. ಸೊಣ್ಣಮ್ಮನವರ ಹೆಬ್ಬೆಟ್ಟು: ಲಗತ್ತಿಸಿಲ್ಲ. 'ಮೊದಲು ಕಾಲು ಕೊಡ್ಲಿ, ಆಮೇಲೆ ಬೆರಳು' ಎಂದರು.
3. ಮಾವಿನಕಾಯಿ ಅಂಚಿನ ರಟ್ಟು, ಒಂದು. ಸಾಕ್ಷಿಗಾಗಿ. ಇದನ್ನು ಫೈಲಿಗೆ ಹೊಲಿಯದೆ, ನೋಡಿದ ಕೂಡಲೇ ವಾಪಸು ಮಾಡಬೇಕಾಗಿ ಕೋರಿಕೆ. ಒಂದು ರಟ್ಟು ಕಳೆದರೆ ಅಕ್ಕನಿಗೆ ಒಂದು ಹೆಜ್ಜೆ ಕಡಿಮೆಯಾಗುತ್ತದೆ.