ನಗಿಸುವ ತಮ್ಮ, ನಂಬದ ಊರು

ನನ್ನ ತಮ್ಮ ಮೂವತ್ತು ವರ್ಷ ದುಡಿದ. ಏನು ಕೆಲಸ ಅಂತ ಮಾತ್ರ ನನ್ನನ್ನು ಕೇಳಬೇಡಿ, ಇವತ್ತಿಗೂ ತಿಳಿದಿಲ್ಲ. ನಮ್ಮ ಯಜಮಾನರು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿದ್ದರು. ಭತ್ತ ಹಾಕಿದರೆ ಅಕ್ಕಿ ಬರುತ್ತಿತ್ತು. ಇವನ ಕೆಲಸದಲ್ಲಿ ಏನು ಹಾಕಿದರೆ ಏನು ಬರುತ್ತದೆ?

ಮೊದಲು ನಾಟಕ ಕಂಪನಿ ಸೇರಿದ. ಆಳಿನ ಪಾತ್ರ, ಒದೆ ತಿನ್ನುವುದು. ಅದಕ್ಕೆ ಕಂಪನಿ ಯಾಕೆ ಬೇಕಿತ್ತು, ಮನೆಯಲ್ಲಿ ಅಪ್ಪ ಇರಲಿಲ್ಲವೇ? ಆಮೇಲೆ ನಾಯಕಿ ಮುನಿಸಿಕೊಂಡು ಊರಿಗೆ ಹೋದಳೆಂದು ಎಂಟು ದಿನ ಇವನೇ ಸೀರೆ ಉಟ್ಟ. ಸೀರೆ ನನ್ನದು. ಅಕ್ಕನಿಗಿಂತ ತಮ್ಮನಿಗೇ ಒಪ್ಪುತ್ತದೆ ಎಂದು ಓಣಿಯವರೆಲ್ಲ ಹೇಳಿದರು. ಅದನ್ನು ನಾನು ಮತ್ತೆ ಉಡಲಿಲ್ಲ.

ಗಣಿ ಜೋರಾದಾಗ ಬಳ್ಳಾರಿ ಸೇರಿದ. ಅದಿರಿನ ದುಡ್ಡು ಬಂದವರಿಗೆ ನಗಿಸುವವರು ಬೇಕಾಗಿದ್ದರು. ಗೃಹಪ್ರವೇಶ, ನಾಮಕರಣ, ಒಬ್ಬರ ಮನೆಯಲ್ಲಿ ನಾಯಿಯ ಹುಟ್ಟುಹಬ್ಬಕ್ಕೂ ಮಿಮಿಕ್ರಿ ಮಾಡಿದ. ನಾಯಿ ನಕ್ಕಿತೇ ಎಂದು ಕೇಳಿದೆ. ಮಾಲೀಕ ನಕ್ಕರೆ ಸಾಕು ಎಂದ. ಬಿಳಿ ಪೌಡರ್ ಬಳಿದುಕೊಂಡು ಬೈಕ್ ಹತ್ತಿದವನು ಲಾರಿಗಳ ಧೂಳಿಗೆ ಕೆಂಪು ಮಂಗನಾಗಿ ಇಳಿಯುತ್ತಿದ್ದ. ಬಾಯಿ ತೆರೆಯುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತಿತ್ತು.

ಆಮೇಲೆ ಕೇಬಲ್ ಟಿವಿ. ಬೆಳಿಗ್ಗೆ ಕೋಟು ಹಾಕಿ ವಾರ್ತೆ ಓದುವುದು, ಸಂಜೆ ಅದೇ ಕೋಟಿನಲ್ಲಿ ಹಾಸ್ಯ. ನಾಳೆಯಿಂದ ಕಾಲುವೆಗೆ ನೀರು ಬಂದ್ ಎಂದು ಒಂದು ದಿನ ಓದಿದ. ಇದೂ ಹಾಸ್ಯವೆಂದು ಹತ್ತಿರದ ಸಿರಿಗೇರಿಯ ರೈತರು ಬಿದ್ದು ಬಿದ್ದು ನಕ್ಕರಂತೆ. ಮರುದಿನ ಕಾಲುವೆ ಒಣಗಿದ ಮೇಲೆ ನನ್ನ ಬಾಗಿಲಿಗೆ ಬಂದು ಬೈದರು.

ಧಾರಾವಾಹಿಗೂ ಹೋದ. ಒಂದರಲ್ಲಿ ಸತ್ತ, ಹೆಣದ ಮೇಲೆ ಹೂ ಹಾಕಿದ್ದನ್ನು ನಾನೇ ನೋಡಿದೆ. ಅದೇ ವಾರ ಇನ್ನೊಂದರಲ್ಲಿ ಪೂಜಾರಿಯಾಗಿ ಗಂಟೆ ಬಾರಿಸುತ್ತಿದ್ದಾನೆ! ಕೇಳಿದರೆ, "ಅದು ಬ್ಯಾರೆ ಚಾನೆಲ್ ಬೇ ಅಕ್ಕ," ಅಂದ. ಚಾನೆಲ್ ಬದಲಾದರೆ ಸತ್ತವರು ಎದ್ದು ಬರುತ್ತಾರೆಯೇ?

ಇಂಥವನು ಮಗಳಿಗೆ ಗಂಡು ಹುಡುಕಿದ. ಹುಡುಗಿಗೆ ಎಡಗಿವಿ ಹುಟ್ಟಿನಿಂದ ಕೇಳುವುದಿಲ್ಲ. ಮುಚ್ಚಿಡು ಎಂದು ಬಳಗದವರೆಲ್ಲ ಹೇಳಿದರು. ಇವನು ಒಪ್ಪಲಿಲ್ಲ. ಮದುವೆಯಾದ ಮೇಲೆ ಗೊತ್ತಾಗಿ ಅವಳನ್ನು ವಾಪಸ್ ಕಳಿಸಿದರೆ ಏನು ಗತಿ ಎಂದ.

ಕುರುಗೋಡಿನಿಂದ ಗಂಡಿನವರು ನೋಡಲು ಬಂದರು. ಹುಡುಗಿಯನ್ನು ಚಾಪೆಯ ಮೇಲೆ ಕೂರಿಸಿದೆವು. ತಮ್ಮ ಚಹಾ ಕೊಟ್ಟು, ಕೈ ಮುಗಿದು ಹೇಳಿದ: "ನನ್ನ ಮಗಳಿಗೆ ಒಂದು ಕಿವಿ ಕೇಳಾಂಗಿಲ್ರಿ."

ಗಂಡಿನ ತಂದೆ ಚಹಾ ಉಗುಳಿ ನಕ್ಕ. ಇವನು ಇನ್ನೊಮ್ಮೆ ಹೇಳಿದ. ಹುಡುಗನ ಚಿಕ್ಕಪ್ಪ ತೊಡೆ ಬಡಿದುಕೊಂಡ. "ಖರೇನ ಹೇಳಾಕತ್ತೀನ್ರಿ, ನಮ್ಮವ್ವನ ಆಣಿ," ಅಂದ ನನ್ನ ತಮ್ಮ. ಆಣೆಗೆ ಇನ್ನೂ ಜೋರು ನಗು. ಜನ ನಗಲಿ ಎಂದು ಮೂವತ್ತು ವರ್ಷ ಒದ್ದಾಡಿದವನು ಅವತ್ತು ನಗು ನಿಲ್ಲಿಸಲು ಒದ್ದಾಡಿದ. ಕೊನೆಗೆ ನನ್ನ ಕಡೆ ತಿರುಗಿದ. "ಅಕ್ಕ, ನೀನರ ಹೇಳು."

ನನ್ನ ಮಾತಿಗೆ ಯಾರೂ ಯಾವತ್ತೂ ನಕ್ಕಿಲ್ಲ. "ಹುಡುಗಿಗೆ ಎಡಗಿವಿ ಕಿವುಡು. ಒಪ್ಪಿದ್ರ ಒಪ್ರಿ, ಇಲ್ಲಾಂದ್ರ ಚಾ ಕುಡದು ಏಳ್ರಿ," ಅಂದೆ.

ನಗು ನಿಂತಿತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಹುಡುಗ ಎದ್ದ. ಹೊರಟನೆಂದೇ ತಿಳಿದೆ. ಅವನು ಚಾಪೆಯ ಸುತ್ತ ಬಳಸಿ ಬಂದು, ಅವಳ ಬಲಗಡೆ ಕೂತು, ಮೆಲ್ಲಗೆ ಹೆಸರು ಕೇಳಿದ. ಅವಳು ಹೇಳಿದಳು.

ನನ್ನ ತಮ್ಮ ಮುಗಿದ ಕೈ ಇಳಿಸುವುದನ್ನೇ ಮರೆತು ನಿಂತಿದ್ದ. ನಾನೇ ಹಿಡಿದು ಇಳಿಸಿದೆ.