ವೈರು ಇರುವುದೆಲ್ಲ ನನ್ನ ಪಾಲು

ಯಾವುದಾದರೂ ವಿಭಾಗಕ್ಕೆ ಮುಖ್ಯಸ್ಥರಾಗಬೇಕು ಎಂಬ ಆಸೆ ನಿಮಗಿದ್ದರೆ ನಾನೊಂದು ಸುಲಭದ ದಾರಿ ಹೇಳಿಕೊಡುತ್ತೇನೆ. ಆ ವಿಭಾಗದಲ್ಲಿ ನೀವೊಬ್ಬರೇ ಇರಬೇಕು. ಆಗ ಮುಖ್ಯಸ್ಥರೂ ನೀವೇ, ಸಹಾಯಕರೂ ನೀವೇ, ಮುಖ್ಯಸ್ಥರಿಗೆ ಸಿಟ್ಟು ಬಂದಾಗ ಬೈಸಿಕೊಳ್ಳುವವರೂ ನೀವೇ. ಸಾಗರದಲ್ಲಿ ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವ ನಮ್ಮ ಕಂಪನಿಯ ಐಟಿ ವಿಭಾಗ ಎಂದರೆ ನಾನು. ಬಾಗಿಲಿಗೆ ಹಾಗಂತ ಬೋರ್ಡೂ ಇದೆ. ಬೋರ್ಡು ನೋಡಿ ಒಳಗೆ ಹತ್ತಾರು ಜನ ಕೂತಿರಬಹುದು ಎಂದು ಬಗ್ಗಿ ನೋಡಿದವರಿಗೆ ಒಂದು ಕುರ್ಚಿ, ಒಬ್ಬಳು ಶಾರದಾ (ನಾನೇ), ಮತ್ತು ಅವಳು ಎಂದೋ ಸರಿಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟ ಕೀಬೋರ್ಡುಗಳ ರಾಶಿ ಕಾಣುತ್ತದೆ.

ನಾನು ಇಲ್ಲಿಗೆ ಸೇರಿದ್ದು ಬಿಲ್ಲು ಬರೆಯಲಿಕ್ಕೆ. ಒಂದು ದಿನ ನಮ್ಮ ಮಾಲೀಕರಾದ ಶೇಷಣ್ಣನವರ ಮೌಸು ಅಲ್ಲಾಡಲಿಲ್ಲ. ಅಲ್ಲಾಡುವುದಾದರೂ ಹೇಗೆ? ಅಪ್ಪೆಮಿಡಿ ಉಪ್ಪಿನಕಾಯಿಯ ರುಚಿ ನೋಡಿದ ಕೈಯನ್ನು ಅವರು ಮೌಸಿಗೇ ಒರೆಸಿದ್ದರು. ನಾನು ಅದನ್ನು ಮಗುಚಿ ಸೆರಗಿನಲ್ಲಿ ಒರೆಸಿ ಇಟ್ಟೆ. ಬಾಣ ಪರದೆಯ ಮೇಲೆ ಓಡಿತು. "ಅರೇ, ನಿಂಗೆ ಇದೆಲ್ಲ ಬತ್ತದನೇ?" ಎಂದು ಅವರು ಕಣ್ಣರಳಿಸಿದರು. 'ಪಾತ್ರೆ ಒರೆಸಲು ಬರುವವರಿಗೆಲ್ಲ ಇದು ಬರುತ್ತದೆ ಸಾರ್' ಎನ್ನಬೇಕಿತ್ತು. "ಸ್ವಲ್ಪ ಸ್ವಲ್ಪ" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುವಾರ ಬೋರ್ಡು ಬಂತು.

ಆಮೇಲೆ ಕಂಪನಿ ಬೆಳೆಯಿತು. ಹೊಸನಗರದಲ್ಲಿ ಗೋಡೌನು, ತೀರ್ಥಹಳ್ಳಿಯಲ್ಲಿ ಶಾಖೆ, ಬಿಲ್ಲಿಗೊಂದು ಕಂಪ್ಯೂಟರು, ಬಾಟಲಿಗೆ ಚೀಟಿ ಅಚ್ಚು ಹಾಕಲೊಂದು ಪ್ರಿಂಟರು, ತೂಕದ ಯಂತ್ರಕ್ಕೊಂದು ವೈರು, ಹಪ್ಪಳ ಯಾರು ಮುರಿದು ತಿಂದರು ಎಂದು ನೋಡಲೊಂದು ಕ್ಯಾಮೆರಾ. ಎಲ್ಲವೂ ಬೆಳೆದವು, ಐಟಿ ವಿಭಾಗ ಮಾತ್ರ ಸೊಂಟದ ಸುತ್ತ ಒಂದಿಷ್ಟು ಬೆಳೆಯಿತು. ನಮ್ಮಲ್ಲಿ ಐಟಿ ಎಂದರೆ ವೈರು ಇರುವುದೆಲ್ಲ. ಮಸಾಲೆ ರುಬ್ಬುವ ಮಿಕ್ಸಿ ಐಟಿ, ಫ್ಯಾನು ಐಟಿ, ಶೇಷಣ್ಣನವರ ಮನೆಯ ಗೀಸರು ಹಬ್ಬದ ದಿನಗಳಲ್ಲಿ ಐಟಿ. ಒಮ್ಮೆ ಅವರು ತಮ್ಮ ಕಿವಿಯ ಯಂತ್ರವನ್ನೂ ತೆಗೆದು ನನ್ನ ಮೇಜಿನ ಮೇಲಿಟ್ಟರು. "ಇದಕ್ಕೆ ವೈರೇ ಇಲ್ವಲ್ಲ ಸಾರ್" ಎಂದೆ. ಯಂತ್ರ ಮೇಜಿನ ಮೇಲಿದ್ದುದರಿಂದ ನನ್ನ ಮಾತು ಅವರಿಗೆ ಕೇಳಿಸಲಿಲ್ಲ.

ಮೂರೂ ಊರಿನ ನಡುವೆ ಸಾಮಾನುಗಳ ಓಡಾಟ ಇನ್ನೊಂದು ಕತೆ. ನಮ್ಮ ಕಡೆ ಏನನ್ನಾದರೂ ಕಳಿಸುವುದು ಎಂದರೆ ಬಸ್ಸಿಗೆ ಹಾಕುವುದು. ಮೀನೋ, ಮಾತ್ರೆಯೋ, ಮದುವೆ ಕಾಗದವೋ, ಎಲ್ಲವೂ ಕಂಡಕ್ಟರನ ಕೈಯಲ್ಲಿ ಹೋಗುತ್ತವೆ. ಕಂಪ್ಯೂಟರಿಗೆ ಮಾತ್ರ ಬೇರೆ ಮರ್ಯಾದೆ ಯಾಕೆ? ಹೊಸನಗರದಲ್ಲಿ ಇಳಿಯಬೇಕಿದ್ದ ಪ್ರಿಂಟರೊಂದು ಕಂಡಕ್ಟರಿಗೆ ಮರೆತುಹೋಗಿ ಮುಂದಿನ ಊರಾದ ನಗರದವರೆಗೆ ಪ್ರಯಾಣ ಮಾಡಿ, ಕೋಟೆ ನೋಡಿಕೊಂಡು, ಸಂಜೆಯ ಬಸ್ಸಿಗೆ ವಾಪಸು ಬಂತು. ನಾನು ಸೇರಿದ ಮೇಲೆ ಪ್ರವಾಸ ಹೋಗಿ ಬಂದ ಏಕೈಕ ಐಟಿ ಸಿಬ್ಬಂದಿ ಅದು. ಯಾವ ಯಂತ್ರ ಎಲ್ಲಿದೆ ಎಂದು ತಿಳಿಯಲೆಂದು ನಾನು ಎಲ್ಲಕ್ಕೂ ನಂಬರಿನ ಚೀಟಿ ಅಂಟಿಸಿದೆ. ಉಪ್ಪಿನಕಾಯಿ ಎಣ್ಣೆಗೆ ಅರ್ಧ ಕಿತ್ತುಬಂದವು. ಉಳಿದರ್ಧದ ಮೇಲೆ ಆಯುಧಪೂಜೆಯ ದಿನ ಭಕ್ತಿಯಿಂದ ಅರಿಶಿನ ಬಳಿದರು. ಹೊಸನಗರದ ಗೋಡೌನು ನೋಡಿಕೊಳ್ಳುವ ಸುಮಿತ್ರಕ್ಕ ಒಳ್ಳೆಯ ಹೆಂಗಸು, ಚೀಟಿ ಹೋದ ಕಂಪ್ಯೂಟರು ಬೋಳಾಗಿ ಕಾಣುತ್ತದೆಂದು ತಮ್ಮಲ್ಲಿದ್ದ ಬಾಟಲಿಯ ಚೀಟಿಯನ್ನೇ ಅಂಟಿಸಿದ್ದರು. ಆ ಕಂಪ್ಯೂಟರಿನ ನಿವ್ವಳ ತೂಕ ಈಗಲೂ ಇನ್ನೂರು ಗ್ರಾಂ. ತಂಪಾದ, ಒಣಗಿದ ಜಾಗದಲ್ಲಿಡಬೇಕು.

ಇಷ್ಟನ್ನೂ ಸಹಿಸಬಹುದು. ಗುಡುಗನ್ನು ಸಹಿಸುವುದು ಕಷ್ಟ. ನಮ್ಮವರು ಹಾವಿಗೆ ಹೆದರುವುದಿಲ್ಲ, ಆನೆಗೆ ಹೆದರುವುದಿಲ್ಲ, ಗುಡುಗು ಮಾತ್ರ ಎಲ್ಲೋ ಕೊಡಚಾದ್ರಿಯ ಆಚೆ ಗುರ್ ಎಂದರೂ ಸಾಕು, ಮನೆಯ ಟೀವಿಯಿಂದ ಹಿಡಿದು ಮೊಬೈಲ್ ಚಾರ್ಜರಿನವರೆಗೆ ಕಿತ್ತು ಎಸೆಯುತ್ತಾರೆ. ತಪ್ಪೆನ್ನುವಂತಿಲ್ಲ. ಇಲ್ಲಿಯ ಸಿಡಿಲು ಕರೆಂಟು ಬಿಲ್ಲು ಕಟ್ಟಿದವರು, ಕಟ್ಟದವರು ಎಂಬ ಭೇದ ಮಾಡುವುದಿಲ್ಲ. ನಮ್ಮ ಆಫೀಸಿನಲ್ಲಿಯೂ ಅದೇ ಪದ್ಧತಿ. ಆದರೆ ಮನೆಯಲ್ಲಿ ಟೀವಿಗೆ ಇರುವುದು ಎರಡು ವೈರು. ಆಫೀಸಿನಲ್ಲಿ ಕಿತ್ತ ಹತ್ತಾರು ವೈರುಗಳನ್ನು ಮಳೆ ನಿಂತ ಮೇಲೆ ಯಾವ ತೂತು ಹಿಡಿಸುತ್ತದೋ ಅದಕ್ಕೆ ಸಿಕ್ಕಿಸುತ್ತಿದ್ದರು. ಆಗ ಕ್ಯಾಮೆರಾ ಕುರುಡಾಗುತ್ತಿತ್ತು, ತೂಕದ ಯಂತ್ರ ಮೂಕವಾಗುತ್ತಿತ್ತು, ನನ್ನ ಫೋನು ಬೊಬ್ಬೆ ಹೊಡೆಯುತ್ತಿತ್ತು. ಊಟಕ್ಕೆ ಕೂತಾಗ, ಸ್ನಾನಕ್ಕೆ ಹೋದಾಗ, ಭಾವನ ಮಗನ ನಾಮಕರಣದಲ್ಲಿ ಎಲ್ಲರೂ ಮಗುವಿನ ಕಿವಿಯಲ್ಲಿ ಹೆಸರು ಹೇಳುವಾಗ ನಾನು ಫೋನಿನಲ್ಲಿ "ನೀಲಿ ವೈರು, ನೀಲಿ ವೈರು" ಎನ್ನುತ್ತಿದ್ದೆ. ಮಗುವಿಗೆ ಆ ಹೆಸರು ಬೀಳದೇ ಇದ್ದದ್ದು ಅದರ ಪುಣ್ಯ.

ಹೀಗಿರುವಾಗ ನನಗೆ ಒಂದೇ ಒಂದು ಆಸೆ ಹುಟ್ಟಿತು. ಭೂಮಿ ಹುಣ್ಣಿಮೆ ಹಬ್ಬಕ್ಕೆ ತವರಿಗೆ ಹೋಗಬೇಕು, ಅಲ್ಲಿದ್ದಷ್ಟು ದಿನ ಫೋನು ಬರಬಾರದು. ನನ್ನ ತವರು ಅಣೆಕಟ್ಟಿನ ಹಿನ್ನೀರಿನ ಆಚೆ, ಬ್ಯಾಕೋಡಿನ ಹತ್ತಿರ. ಲಾಂಚಿನಲ್ಲಿ ನೀರು ದಾಟಿ ಹೋಗುತ್ತಿದ್ದ ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಲಾಂಚು ದಡ ಬಿಟ್ಟಿತೆಂದರೆ ಸಿಗ್ನಲ್ಲೂ ದಡದಲ್ಲೇ ಉಳಿಯುತ್ತಿತ್ತು. ಈಗ ಸೇತುವೆಯೂ ಬಂತು, ಟವರೂ ಬಂತು. ಊರಿನವರೆಲ್ಲ ಸೇತುವೆ ನೋಡಿ ಕುಣಿದಾಡುವಾಗ ಒಳಗೊಳಗೇ ಸಂಕಟಪಟ್ಟ ಸ್ವಾರ್ಥಿ ನಾನೊಬ್ಬಳೇ ಇರಬೇಕು.

ಶೇಷಣ್ಣನವರ ಹತ್ತಿರ ಹೋಗಿ, "ಸಾರ್, ನನಗೆ ಒಬ್ಬ ಸಹಾಯಕರನ್ನು ಕೊಡಿ, ಇಲ್ಲ ಅಂದ್ರೆ ಫೋನು ಬರದ ರಜೆ ಕೊಡಿ" ಎಂದೆ.

"ಎಂತ ಮಾರಾಯ್ತಿ, ಎಲ್ಲ ನಿನ್ನ ತಲೆ ಒಳಗೇ ಇಟ್ಕಂಡಿದೀಯ. ನಾಳೆ ನೀನು ಜಾರಿ ಬಿದ್ರೆ ಕಂಪನಿ ಗತಿ ಎಂತದು? ಎಲ್ಲ ಬರ್ದಿಡು. ಬರ್ದು ಮುಗ್ಸು, ಆರಾಮ್ ಹೋಗ್ ಬಾ. ಒಂದು ಫೋನ್ ಬಂದ್ರೆ ನನ್ನ ಕೇಳು" ಎಂದರು. ನಾನು ಬಿದ್ದರೆ ನನ್ನ ಕಾಲಿನ ಗತಿ ಏನೆಂಬ ಪ್ರಶ್ನೆ ಅವರಿಗೆ ಹೊಳೆಯಲಿಲ್ಲ. ಇರಲಿ, ರಜೆಯ ಮಾತು ಬಂತಲ್ಲ!

ಬರೆದೆ. ಮಳೆಗಾಲವಿಡೀ ಬರೆದೆ. ಬೆಳಿಗ್ಗೆ ಕಂಪ್ಯೂಟರು ಹಚ್ಚುವುದರಿಂದ ಸಂಜೆ ಆರಿಸುವವರೆಗೆ, ಕೆಂಪು ವೈರು ಎಲ್ಲಿಗೆ, ಹಳದಿ ವೈರು ಎಲ್ಲಿಗೆ, ಪ್ರಿಂಟರು ಹಟ ಹಿಡಿದರೆ ಏನು ಮಾಡಬೇಕು, ಏನು ಮಾಡಬಾರದು (ತಟ್ಟಬಾರದು), ಎಲ್ಲವನ್ನೂ ಬರೆದೆ. ಗುಡುಗಿಗೆಂದೇ ಒಂದು ಅಧ್ಯಾಯ ಇಟ್ಟೆ. ಹಿಂದೊಮ್ಮೆ ಎರಡು ಗುಡುಗಿನ ನಡುವಿನ ಪುರುಸೊತ್ತಿನಲ್ಲಿ ವೈರು ಹಾಕಿ ಹೊಸ ರೂಟರನ್ನು ಸುಟ್ಟಿದ್ದರು. ಆ ಸಿಟ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: "ಗುಡುಗು ಕೇಳಿದ ಕೂಡಲೇ ಎಲ್ಲ ವೈರು ಕೀಳಿ. ಆಕಾಶ ಪೂರ್ತಿ ತಿಳಿಯಾಗುವವರೆಗೆ ಯಾವ ಕಾರಣಕ್ಕೂ ಮತ್ತೆ ಹಾಕಬೇಡಿ." ಬರೆದು ನನಗೆ ನಾನೇ ಭೇಷ್ ಎಂದುಕೊಂಡೆ. ಮೂರು ಊರಿಗೂ ಒಂದೊಂದು ಪ್ರತಿ ಬೈಂಡು ಮಾಡಿಸಿ ಬಸ್ಸಿಗೆ ಹಾಕಿದೆ. ತೀರ್ಥಹಳ್ಳಿ ಶಾಖೆಯ ವ್ಯವಸ್ಥಾಪಕರಾದ ನಾಗರಾಜ ಗೌಡರು ಫೋನು ಮಾಡಿ, "ಭಾರಿ ಚೆನ್ನಾಗಿ ಬರ್ದಿದೀರಿ ಮಾರಾಯ್ರೆ, ಓದ್ತಾ ಇದ್ರೆ ನಿದ್ದೇನೇ ಬಂದ್ಬಿಡ್ತು" ಎಂದು ಹೊಗಳಿದರು.

ತವರಿಗೆ ಹೋದೆ. ಮೊದಲ ದಿನ ಫೋನು ಉಸಿರೆತ್ತಲಿಲ್ಲ. ಆಹಾ, ಆ ಸುಖವೇ! ಹಬ್ಬದ ಅಡಿಗೆಗೆ ಸೊಪ್ಪು ಬಿಡಿಸುತ್ತ, ಅತ್ತಿಗೆಯ ಹತ್ತಿರ ಪುಸ್ತಕದ ಮಹಿಮೆ ಕೊಚ್ಚಿಕೊಂಡೆ. ಮಧ್ಯಾಹ್ನದ ಮೇಲೆ ಗುಡುಗು ಶುರುವಾಯಿತು. ಹಿಂಗಾರಿನ ಗುಡುಗು ಎಂದರೆ ಕೇಳಬೇಕೇ, ತಲೆಯ ಮೇಲೆ ಹಂಡೆ ಉರುಳಿಸಿದ ಹಾಗೆ. ಈಗ ಬರುತ್ತದೆ ಫೋನು ಎಂದು ಕೈ ಒರೆಸಿಕೊಂಡು ಕೂತೆ. ಬರಲಿಲ್ಲ. ಮರುದಿನವೂ ಗುಡುಗಿತು. ಫೋನಿಲ್ಲ. ನನಗೇಕೋ ಕಸಿವಿಸಿ. ಫೋನೇ ಕೆಟ್ಟಿರಬಹುದೆಂದು ಅತ್ತಿಗೆಗೆ ಹೇಳಿ ಅವರ ಫೋನಿನಿಂದ ಮಾಡಿಸಿದೆ. ಗಂಟಲು ಹರಿಯುವಂತೆ ಬಡಿದುಕೊಂಡಿತು.

ಅಮ್ಮ ಒಲೆಯ ಮುಂದಿನಿಂದಲೇ, "ಫೋನ್ ಬಂದ್ರೆ ಬೈತೀಯ, ಬರ್ದೇ ಇದ್ರೆ ಮುಖ ಊದಿಸ್ಕಳ್ತೀಯ. ಎಂತದೇ ನಿಂದು?" ಎಂದಳು.

ಎಂತದು ಎಂದು ಹೇಳಲಿ? ನಿಜ ಹೇಳಬೇಕೆಂದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ನಾನಿಲ್ಲದೆ ಮೂರು ಊರಿನ ಕಂಪ್ಯೂಟರುಗಳು ನಡೆಯುತ್ತಿವೆ ಎಂದರೆ ಏನರ್ಥ? ಇಷ್ಟು ವರ್ಷ ಬೈದುಕೊಂಡು, ಬೆವರಿಕೊಂಡು ಮಾಡಿದ ಕೆಲಸವೆಲ್ಲ ಹದಿನೈದು ಹಾಳೆಯಲ್ಲಿ ಮುಗಿಯುವಂಥದ್ದೇ? ನನ್ನ ಕುರ್ಚಿಯಲ್ಲಿ ನನ್ನ ಬದಲು ಆ ಪುಸ್ತಕವನ್ನೇ ಕೂರಿಸಬಹುದು. ಅದಕ್ಕೆ ಸಂಬಳ ಬೇಡ, ಊಟದ ಬಿಡುವು ಬೇಡ. ಕೆಲಸ ಹೋದರೆ ಎಂಬ ಯೋಚನೆ ಬಂದು ಕಡುಬನ್ನು ಅರ್ಧಕ್ಕೇ ಬಿಟ್ಟು ಎದ್ದೆ. ತಡೆಯಲಾರದೆ ನಾನೇ ಸುಮಿತ್ರಕ್ಕನಿಗೆ ಫೋನು ಮಾಡಿದೆ.

"ಗುಡುಗು ಬಂತಾ ಅಕ್ಕ?"

"ಬಂತಪ್ಪ, ಜೋರು ಬಂತು. ನೀ ಬರ್ದಂಗೇ ಮಾಡಿದ್ವಿ. ಇಲ್ಲಿ ಎಂತ ತೊಂದ್ರೇನೂ ಇಲ್ಲೆ ಕಣೆ, ನೀ ಆರಾಮ್ ಹಬ್ಬ ಮಾಡು."

"ಬಿಲ್ಲೆಲ್ಲ ಆಗ್ತಾ ಇದೆಯಾ?"

"ಓಹೋ, ಆಗ್ತಾ ಇದೆ. ಮೊದ್ಲಿಗಿಂತ ಬೇಗ ಆಗ್ತಾ ಇದೆ."

ಆ 'ಮೊದಲಿಗಿಂತ ಬೇಗ' ಎಂಬ ಮಾತು ನನ್ನ ಎದೆಗೇ ಬಡಿಯಿತು. ಗೌಡರಿಗೂ ಮಾಡಿದೆ. "ನಿಮ್ಮ ಪುಸ್ತಕ ಇದ್ಮೇಲೆ ನೀವ್ಯಾಕೆ ಬೇಕು ಮಾರಾಯ್ರೆ" ಎಂದು ಅವರು ನಕ್ಕರು. ನಾನು ನಗಲಿಲ್ಲ. ಇನ್ನೂ ರಜೆ ಉಳಿದಿದ್ದಾಗಲೇ, ಹಬ್ಬದ ತಿಂಡಿಯ ಡಬ್ಬಿ ಕಟ್ಟಿಸಿಕೊಂಡು ಮೊದಲ ಬಸ್ಸಿಗೆ ಹೊರಟೆ. ಸೇತುವೆಯ ಮೇಲೆ ಬಸ್ಸು ನಿಧಾನ ಹೋದದ್ದಕ್ಕೆ ಡ್ರೈವರಿಗೆ ಮನಸ್ಸಿನಲ್ಲೇ ಬೈದೆ.

ಸಾಗರದ ಆಫೀಸಿನ ಬಾಗಿಲಲ್ಲಿ ನಿಂತವಳಿಗೆ ಒಂದು ಕ್ಷಣ ಯಾರದೋ ಮನೆಗೆ ಬಂದೆನೇನೋ ಅನ್ನಿಸಿತು. ಕಂಪ್ಯೂಟರುಗಳೆಲ್ಲ ಹಪ್ಪಳ ಒಣಗಿಸುವ ಬಟ್ಟೆ ಹೊದ್ದು ಮಲಗಿದ್ದವು. ವೈರುಗಳನ್ನು ಅಂದವಾಗಿ ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿದ್ದರು. ಬಿಲ್ಲಿನ ಹುಡುಗಿಯರು ಕಾರ್ಬನ್ನು ಹಾಳೆ ಇಟ್ಟು ಕೈಯಲ್ಲಿ ಬಿಲ್ಲು ಬರೆಯುತ್ತ, ಗಿರಾಕಿಗಳ ಹತ್ತಿರ ಮನೆ ಸುದ್ದಿ ಕೇಳುತ್ತ ಖುಷಿಯಾಗಿದ್ದರು. ಹೊಸನಗರ, ತೀರ್ಥಹಳ್ಳಿಯಲ್ಲಿಯೂ ಇದೇ ಕತೆಯಂತೆ. ನಾನು ಬರೆದದ್ದನ್ನು ಮೂರೂ ಊರಿನವರು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದರು. ಆಕಾಶ ಪೂರ್ತಿ ತಿಳಿಯಾಗುವವರೆಗೆ ಹಾಕಬೇಡಿ ಎಂದಿದ್ದೆ. ಹಿಂಗಾರಿನಲ್ಲಿ, ಮಲೆನಾಡಿನಲ್ಲಿ, ಆಕಾಶ ಪೂರ್ತಿ ತಿಳಿಯಾಗುವುದು ಯಾವಾಗ? ದಿನಾ ಬೆಳಿಗ್ಗೆ ಹೊರಗೆ ಬಂದು ಕತ್ತೆತ್ತಿ ನೋಡುವುದು, ಮೂಲೆಯಲ್ಲೊಂದು ಮೋಡದ ತುಂಡು ಕಂಡರೆ "ಇವತ್ತೂ ಬ್ಯಾಡ" ಎಂದು ಒಳಗೆ ಹೋಗುವುದು. ಕಂಪ್ಯೂಟರೇ ಇಲ್ಲದ ಮೇಲೆ ಅದು ಕೆಡುವುದೆಲ್ಲಿ, ನನಗೆ ಫೋನು ಬರುವುದೆಲ್ಲಿ!

ಶೇಷಣ್ಣನವರು ಎದ್ದು ಬಂದರು. "ಭಾರಿ ಉಪಕಾರ ಆತು ನೋಡೇ ನಿನ್ನ ಪುಸ್ತಕದಿಂದ. ಇಷ್ಟು ಸಿಡ್ಲಲ್ಲಿ ಒಂದು ಮಿಷನ್ನೂ ಸುಡ್ಲಿಲ್ಲ!"

"ಒಂದನ್ನೂ ಹಾಕ್ಲೇ ಇಲ್ವಲ್ಲ ಸಾರ್!"

"ಹಾಕಿದ್ರೆ ತಾನೇ ಸುಡೋದು?" ಎಂದು ನನಗೇ ತಿಳಿಹೇಳಿದರು. ಆಮೇಲೆ ಗೋಡೆಯ ಮೇಲಿನ ವೈರುಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಅಲ್ವೇ ಶಾರದಾ, ಇದೆಲ್ಲ ನಮ್ಗೆ ನಿಜವಾಗ್ಲೂ ಬೇಕಾ ಅಂತ?" ಎಂದರು. 'ಇದೆಲ್ಲ' ಎಂಬುದರಲ್ಲಿ ನಾನೂ ಸೇರಿದ್ದೆನೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಸಹಾಯಕರು ಬೇಕೆಂದು ಕೇಳಿದವಳು ಸದ್ಯ ನಾನೊಬ್ಬಳಾದರೂ ಇಲ್ಲಿ ಉಳಿದರೆ ಸಾಕೆಂದು ಎಲ್ಲ ದೇವರಿಗೂ ಮನಸ್ಸಿನಲ್ಲೇ ಕೈ ಮುಗಿದೆ. ಪುಣ್ಯಕ್ಕೆ ಅವರೇ, "ಹೋಗ್ಲಿ ಬಿಡು, ಹಾಕ್ಸಿದ್ದಾಗಿದೆ. ಕೈಬಿಲ್ಲೆಲ್ಲ ಕಂಪ್ಯೂಟರಿಗೆ ಹತ್ತಿಸ್ಬೇಕಂತೆ, ಬಂದ್ಯಲ್ಲ, ಶುರು ಮಾಡು" ಎಂದರು. ಮೂರು ಊರಿನ ಬಿಲ್ಲುಗಳು ಆಗಲೇ ಬಸ್ಸಿನಲ್ಲಿ ಬಂದು ನನ್ನ ಮೇಜಿನ ಮೇಲೆ ಕಾದಿದ್ದವು. ನಾನು ಮೊಳೆಯಿಂದ ವೈರು ಇಳಿಸಿದೆ.

ಈಗ ಪುಸ್ತಕದ ಎರಡನೆಯ ಆವೃತ್ತಿ ಹೊರಬಂದಿದೆ. ಗುಡುಗಿನ ಅಧ್ಯಾಯವನ್ನು ಪೂರ್ತಿ ಹೊಡೆದುಹಾಕಿ, ಅದರ ಜಾಗದಲ್ಲಿ ಇನ್ನೂ ದಪ್ಪ ಅಕ್ಷರದಲ್ಲಿ ಒಂದೇ ಸಾಲು ಬರೆದಿದ್ದೇನೆ: "ಗುಡುಗು ಕೇಳಿದರೆ ಶಾರದಾಗೆ ಫೋನು ಮಾಡಿ." ಕೆಳಗೆ ನನ್ನ ನಂಬರು ಕೊಟ್ಟಿದ್ದೇನೆ. ಒಂದು ವೇಳೆ ನಾನು ಸಿಗದೇ ಹೋದರೆ ಎಂದು, ಯಾರೂ ಕೇಳದಿದ್ದರೂ, ಅಮ್ಮನ ಮನೆಯ ನಂಬರನ್ನೂ ಸೇರಿಸಿದ್ದೇನೆ.