ಬಾಯಿ ಬಿಡದ ಪಿಸ್ತೂಲಿನ ವಿಲೇವಾರಿ

ಆಯುಧ ಠೇವಣಿ ಮತ್ತು ವಾಪಸಾತಿ ಉಪಶಾಖೆ
ಪಶ್ಚಿಮ ಬಡಾವಣೆಗಳು, ಬೆಂಗಳೂರು

ಸಂಖ್ಯೆ: ಆಠೇವಾ/ಪಬ/ಪಿಸ್ತೂಲು-ಇತರೆ/76-77
ದಿನಾಂಕ: 18ನೇ ಏಪ್ರಿಲ್ 1977

ಸುತ್ತೋಲೆ

ವಿಷಯ: ಚುನಾವಣಾ ನಿಮಿತ್ತ ಠೇವಣಿ ಇಟ್ಟ ಪಿಸ್ತೂಲುಗಳನ್ನು ಮಾಲೀಕರು ದಿನವೂ ಬಂದು ನೋಡುವುದು, ಮಾತನಾಡಿಸುವುದು, ಹೊಗಳುವುದು, ಹಾಗೂ ಶ್ರೀ ಸೇತುರಾಮ ಅವರ ತೆರೆಯಲಾಗದ ಪಿಸ್ತೂಲಿನ ಬಗ್ಗೆ.

ಉಲ್ಲೇಖ:
(ಅ) ಶ್ರೀ ಸೇತುರಾಮ ಅವರ ಮನವಿ, ಅದರ ಜ್ಞಾಪನೆ, ಹಾಗೂ ಜ್ಞಾಪನೆಯ ಜ್ಞಾಪನೆ.
(ಆ) ಠಾಣಾ ಕಟ್ಟಡದ ಮಾಲೀಕರಾದ ಶ್ರೀಮತಿ ಅಕ್ಕಯ್ಯಮ್ಮನವರು ಮಹಡಿ ಮೆಟ್ಟಿಲ ಮೇಲೆ ನಿಂತು, ಬೀದಿಗೆಲ್ಲ ಕೇಳುವಂತೆ ಸಲ್ಲಿಸಿದ ದೂರು.
(ಇ) ಶ್ರೀಮತಿ ತುಂಗಾ ಕೋಂ ಸೇತುರಾಮ ಅವರ ಹೇಳಿಕೆ.

ಪ್ರಸ್ತಾವನೆ:

ಚುನಾವಣೆಯ ಕಾಲದಲ್ಲಿ ಪರವಾನಗಿದಾರರೆಲ್ಲ ತಂತಮ್ಮ ಪಿಸ್ತೂಲುಗಳನ್ನು ಠಾಣೆಯಲ್ಲಿ ಠೇವಣಿ ಇಡತಕ್ಕದ್ದೆಂದು ಆದೇಶಿಸಲಾಗಿತ್ತಷ್ಟೆ. ಆದೇಶ ಬರೆಯುವಾಗ, ಪಿಸ್ತೂಲು ಒಪ್ಪಿಸಿದ ಮನುಷ್ಯ ರಸೀದಿ ಪಡೆದು ಮನೆಗೆ ಹೋಗುತ್ತಾನೆ ಎಂದು ಈ ಶಾಖೆ ನಂಬಿತ್ತು. ಶಾಖೆಗೆ ಜನರ ಪರಿಚಯ ಸಾಲದು ಎಂಬುದು ಈಗ ದೃಢಪಟ್ಟಿದೆ.

ರಾಜಾಜಿನಗರದ ನಿವಾಸಿ, ನಿವೃತ್ತ ಪ್ರಥಮ ದರ್ಜೆ ಗುಮಾಸ್ತರಾದ ಶ್ರೀ ಸೇತುರಾಮ ಅವರ ಮನೆಯ ವರಾಂಡದಲ್ಲಿ ಭಾನುವಾರಗಳಂದು ಪಿಸ್ತೂಲು ಪ್ರಿಯರ ಕೂಟವೊಂದು ನಡೆಯುತ್ತ ಬಂದಿದೆ. ಸದಸ್ಯರು ಪಿಸ್ತೂಲನ್ನು ಹಳೆ ಪಂಚೆಯಲ್ಲಿ ಸುತ್ತಿ, ತರಕಾರಿ ಚೀಲಕ್ಕೆ ಹಾಕಿ, ಮೇಲೊಂದು ಕಟ್ಟು ದಂಟಿನ ಸೊಪ್ಪು ಮುಚ್ಚಿಕೊಂಡು ಬರುತ್ತಾರೆ. ಎಲ್ಲವನ್ನೂ ಚಾಪೆಯ ಮೇಲೆ ಹರಡಿ, ಇದರ ಕುದುರೆ ಎಳೆಯಲು ಮೃದು, ಅದರ ಹಿಡಿ ದಂತದ್ದು, ನಿಮ್ಮದಕ್ಕೆ ತುಕ್ಕು, ನಮ್ಮದಕ್ಕೆ ತಕ್ಕ ಜೋಡಿಯೇ ಇಲ್ಲ ಎಂದು ಮನೆಯಾಕೆ ಮಾಡಿಟ್ಟ ಸಾರು ಆರುವ ತನಕ ಚರ್ಚಿಸುತ್ತಾರೆ. ಈ ಕೂಟದ ಯಾವ ಪಿಸ್ತೂಲೂ ಯಾರ ಕಾಲದಲ್ಲೂ ಢಂ ಎಂದ ದಾಖಲೆಯಿಲ್ಲ. ಶ್ರೀ ಸೇತುರಾಮ ಅವರು ಹೊಡೆದ ಚಿರತೆಯೊಂದನ್ನು ಬಿಟ್ಟರೆ. ಚಿರತೆಯ ವಿಷಯ ಮುಂದೆ ಬರಲಿದೆ, ಅದು ಬಾರದೆ ಬಿಡುವುದಿಲ್ಲ.

ಪಿಸ್ತೂಲುಗಳು ಠಾಣೆ ಸೇರಿದ ಮಾರನೆಯ ದಿನವೇ ಕೂಟವೂ ಚಾಪೆಯ ಸಮೇತ ಠಾಣೆಗೆ ಬಂತು. ಮೊದಲು ಭಾನುವಾರಕ್ಕೊಮ್ಮೆ ಇದ್ದದ್ದು ಈಗ ದಿನವೂ ಆಗಿದೆ. ಚುನಾವಣೆ ಮುಗಿದು ಹೊಸ ಸರ್ಕಾರ ಬಂದಿದ್ದರೂ, ವಾಪಸಾತಿ ಆದೇಶ ಟೈಪು ಆಗಬೇಕಾಗಿರುವುದರಿಂದ ಪಿಸ್ತೂಲುಗಳು ಇನ್ನೂ ಇಲ್ಲೇ ಇವೆ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

1. ಠಾಣೆಯಲ್ಲಿ ಬೇರೆ ಭದ್ರ ಕೊಠಡಿ ಇಲ್ಲದ ಕಾರಣ ಪಿಸ್ತೂಲುಗಳನ್ನು ಲಾಕಪ್ಪಿನಲ್ಲಿಯೂ, ಲಾಕಪ್ಪಿನಲ್ಲಿರಬೇಕಾದವರನ್ನು ಹೊರಗೆ ಬೆಂಚಿನ ಮೇಲೂ ಇರಿಸಲಾಗಿದೆ. ಮಾಲೀಕರು ಕಂಬಿಯ ಹೊರಗಿನಿಂದ ತಂತಮ್ಮ ಪಿಸ್ತೂಲನ್ನು ಮಾತ್ರ ನೋಡತಕ್ಕದ್ದು. ಬೇರೆಯವರ ಪಿಸ್ತೂಲನ್ನು ನೋಡಿ ಮೂಗು ಮುರಿಯಕೂಡದು. ಬೆಂಚಿನ ಮೇಲಿರುವ ಆರೋಪಿಗಳ ಅಭಿಪ್ರಾಯ ಕೇಳುವುದನ್ನು ನಿಷೇಧಿಸಲಾಗಿದೆ. ಜೇಬುಗಳ್ಳನೊಬ್ಬನ ಕೈಚಳಕ ಮೆಚ್ಚಿ ಅವನನ್ನು ಕೂಟದ ಸಹಸದಸ್ಯನನ್ನಾಗಿ ಮಾಡಿಕೊಂಡಿರುವುದು ಗಮನಕ್ಕೆ ಬಂದಿದ್ದು, ಸದರಿ ಸದಸ್ಯತ್ವವನ್ನು ರದ್ದುಪಡಿಸಲಾಗಿದೆ.

2. ಪಿಸ್ತೂಲುಗಳನ್ನು ಹೆಸರು ಹಿಡಿದು ಕರೆಯಕೂಡದು. ಕುರುಬರಹಳ್ಳಿಯ ಶ್ರೀ ಮುನಿವೆಂಕಟಪ್ಪನವರು ಹೊಲವೆಲ್ಲ ಬಡಾವಣೆಗೆ ಹೋಗಿ ಕೊಟ್ಟಿಗೆ ಖಾಲಿಯಾದ ಮೇಲೆ ಮೂರು ಪಿಸ್ತೂಲು ಕೊಂಡು, ಅವಕ್ಕೆ ತಮ್ಮ ಹಳೆಯ ದನಗಳ ಹೆಸರನ್ನೇ ಇಟ್ಟಿರುತ್ತಾರೆ. ದಿನಾ ಬೆಳಗ್ಗೆ ಕಂಬಿಗೆ ಮುಖ ಒತ್ತಿ, "ಕೆಂದಿ ಸೊರಗವ್ಳೆ ಸಾರ್, ಯಾರೂ ಎಣ್ಣೆ ಕಾಣ್ಸಿಲ್ಲ ಅಂತ ಕಾಣ್ತದೆ" ಎಂದು ಕಣ್ಣು ಒರೆಸಿಕೊಳ್ಳುವುದರಿಂದ ಸಿಬ್ಬಂದಿಯ ಮನಃಸ್ಥೈರ್ಯ ಕುಗ್ಗುತ್ತಿದೆ. ಕೆಂದಿಗೆ ವಾರಕ್ಕೊಮ್ಮೆ ಎಣ್ಣೆ ಹಚ್ಚಲು ಅನುಮತಿಸಲಾಗಿದೆ. ಯುಗಾದಿಯ ದಿನ ಸೀಗೆಪುಡಿ ತಂದದ್ದು ಅತಿಯಾಯಿತು.

3. ತಿಂಡಿ, ಹೂವು, ದೃಷ್ಟಿ ತೆಗೆಯುವ ಮೆಣಸಿನಕಾಯಿ ಇತ್ಯಾದಿಗಳನ್ನು ಒಳಗೆ ತರಕೂಡದು. ಮೆಣಸಿನಕಾಯಿಯ ಘಾಟಿಗೆ ಆರೋಪಿಗಳು ಕೆಮ್ಮಿ ಕೆಮ್ಮಿ ಮಾಡದ ಅಪರಾಧವನ್ನೂ ಒಪ್ಪಿಕೊಂಡಿದ್ದು, ಈಗ ಠಾಣೆಯಲ್ಲಿ ಕಳ್ಳತನಗಳಿಗಿಂತ ತಪ್ಪೊಪ್ಪಿಗೆಗಳೇ ಹೆಚ್ಚಾಗಿವೆ.

4. ಚಿರತೆ. ಶ್ರೀ ಸೇತುರಾಮ ಅವರು ಯೌವನದಲ್ಲಿ ಮಾಗಡಿ ರಸ್ತೆಯ ಬ್ಯಾಡರಹಳ್ಳಿಯ ಆಚೆ ತಮ್ಮ ತಂದೆಯ ಕಾಲದ ಈ ಆರು ಗುಂಡಿನ ಪಿಸ್ತೂಲಿನಿಂದಲೇ ಚಿರತೆಯೊಂದನ್ನು ಒಂದೇ ಏಟಿಗೆ ಕೆಡವಿದರೆಂದು ಹೇಳುತ್ತಾರೆ. ಕೂಟದಲ್ಲಿ ಅವರಿಗೆ ಗೋಡೆಗೆ ಒರಗುವ ಜಾಗ, ಮೊದಲ ಲೋಟ ಕಾಫಿ, ಕೊನೆಯ ಮಾತು ಸಿಕ್ಕಿರುವುದು ಈ ಚಿರತೆಯಿಂದಲೇ. ಮೂವತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತು, ಮೇಲಿನವರ ಕರಡನ್ನು ತಿದ್ದಿ, ಅವರ ಹೆಸರಿಗೇ ಹೊಗಳಿಕೆ ಹೋಗುವುದನ್ನು ನೋಡಿದ ಮನುಷ್ಯನಿಗೆ ಒಂದು ಚಿರತೆಯಾದರೂ ಬೇಡವೆ ಎಂದರೆ, ಬೇಕೆಂದು ಈ ಶಾಖೆಯೂ ಒಪ್ಪುತ್ತದೆ. ಆದರೂ, ಒಮ್ಮೆ ಸತ್ತ ಚಿರತೆ ಆಮೇಲೆ ಉದ್ದವಾಗಕೂಡದು. ಠಾಣೆಗೆ ಬಂದಂದಿನಿಂದ ಅದರ ಬಾಲ ಕೆಂಗೇರಿಯ ಕಡೆಗೆ ಬೆಳೆಯುತ್ತಲೇ ಇದೆ.

5. ಸದರಿ ಪಿಸ್ತೂಲಿನ ಬಗ್ಗೆ. ಠೇವಣಿಗೆ ಮುನ್ನ ಪಿಸ್ತೂಲು ತೆರೆದು, ಗುಂಡು ತೆಗೆಯತಕ್ಕದ್ದೆಂಬ ನಿಯಮವಿದೆ. ಹೆಡ್ ಕಾನ್‌ಸ್ಟೇಬಲ್ ಕೆಂಪಯ್ಯನವರು ತೆರೆಯಹೋದಾಗ ಅದು ತೆರೆಯಲಿಲ್ಲ. ವರ್ಷವರ್ಷವೂ ಆಯುಧಪೂಜೆಯಲ್ಲಿ ಮೆತ್ತಿದ ಗಂಧ ಪದರಗಟ್ಟಿ ಕಲ್ಲಾಗಿದೆ. ಮುಂದಿನಿಂದ ಇಣುಕಿದರೆ ಕುಂಕುಮ, ಹಿಂದಿನಿಂದ ಇಣುಕಿದರೆ ಗಂಧ, ಪಕ್ಕದಲ್ಲಿ ಎರಡು ಅಕ್ಷತೆ ಕಾಳು. ಒಳಗೆ ಗುಂಡು ಇದೆಯೇ ಎಂದು ಕೇಳಿದ್ದಕ್ಕೆ ಶ್ರೀ ಸೇತುರಾಮ ಅವರು "ಇದ್ದರೂ ಇರಬಹುದು, ಅದು ಪಿಸ್ತೂಲಲ್ಲವೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದಾರೆ.

6. ಗುಂಡು ಇರಬಹುದಾದ ಪಿಸ್ತೂಲಿನ ಮೂತಿಯನ್ನು ಯಾವ ದಿಕ್ಕಿಗೆ ಇಡಬೇಕೆಂಬ ಪ್ರಶ್ನೆ ಉದ್ಭವಿಸಿತು. ಪೂರ್ವಕ್ಕೆ ದೇವರ ಪಟವಿದೆ. ಪಶ್ಚಿಮಕ್ಕೆ ಸಾಹೇಬರ ಮೇಜು. ಉತ್ತರಕ್ಕೆ ಆರೋಪಿಗಳು, ಅವರನ್ನು ನ್ಯಾಯಾಲಯಕ್ಕೆ ಜೀವಂತವಾಗಿ ಒಪ್ಪಿಸಬೇಕಾಗಿದೆ. ದಕ್ಷಿಣ ಯಮನ ದಿಕ್ಕು, ಅವನಿಗೇ ಗುರಿಯಿಡಲು ಯಾರೂ ಒಪ್ಪಲಿಲ್ಲ. ಕೊನೆಗೆ ಮರಳು ತುಂಬಿದ ಬಕೆಟ್ಟಿನಲ್ಲಿ ಹೂತು ಮೂತಿಯನ್ನು ಮೇಲಕ್ಕೆ ಮಾಡಲಾಯಿತು. ಮೇಲೆ ಕಟ್ಟಡದ ಮಾಲೀಕರಾದ ಅಕ್ಕಯ್ಯಮ್ಮನವರ ಅಡುಗೆಮನೆ ಇದೆಯೆಂಬುದನ್ನು ಯಾರೂ ಗಮನಿಸಿರಲಿಲ್ಲ. ಅವರ ದೂರು ಹೀಗಿದೆ: "ಮನೆ ಬಾಡ್ಗೆಗೆ ಕೊಟ್ಟಿದ್ದಕ್ಕೆ ನನ್ ಒಲೆಗೇ ಗುರಿ ಇಟ್ಟವ್ರೆ. ಮುದ್ದೆ ತಿರುವ್ತಾ ತಿರುವ್ತಾ ಶಿವನ ಪಾದ ಸೇರ್ಬೇಕಾ ನಾನು?" ಸದರಿಯವರು ಅಂದಿನಿಂದ ಅಂಗಳದಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಿದ್ದು, ಹೊಗೆ ಪೂರ್ತಿ ಠಾಣೆಯೊಳಗೆ ಬರುತ್ತಿದೆ. ಬಕೆಟ್ಟಿನ ಮುಂದೆ ಹಾಯುವ ಸಿಬ್ಬಂದಿ ಬಗ್ಗಿ ನಡೆಯತಕ್ಕದ್ದು. ಬಗ್ಗಿದವರು ನಮಸ್ಕಾರ ಮಾಡಿ ತೀರ್ಥ ಕೇಳಬೇಕಾಗಿಲ್ಲ.

7. ಈ ಪರಿಸ್ಥಿತಿಯಲ್ಲಿ, ಪಿಸ್ತೂಲನ್ನು ಗರಗಸದಿಂದ ಕೊಯ್ದು ತೆರೆಯಲು ಆದೇಶಿಸಲಾಗಿತ್ತು. ಕೊಯ್ಯಲು ಒಪ್ಪದಿದ್ದಲ್ಲಿ ಪರವಾನಗಿ ರದ್ದುಪಡಿಸಿ ಪಿಸ್ತೂಲನ್ನು ಕರಗಿಸತಕ್ಕದ್ದು ಎಂದೂ ತಿಳಿಸಲಾಗಿತ್ತು. ಕೊಯ್ಯುವ ಕಾರ್ಯ ಕೂಟದ ಸರ್ವ ಸದಸ್ಯರ ಎದುರಿನಲ್ಲಿ ನಡೆಯಲಿ ಎಂದು ಸದಸ್ಯರೇ ಉತ್ಸಾಹದಿಂದ ಬರೆದುಕೊಟ್ಟರು. ಸ್ನೇಹಿತರೆಂದರೆ ಹೀಗಿರಬೇಕು.

ಶ್ರೀ ಸೇತುರಾಮ ಅವರಿಗೆ ಇದರಿಂದ ಅತ್ತ ದರಿ ಇತ್ತ ಪುಲಿ ಆಯಿತು. ಒಳಗೆ ತಂದೆಯ ಕಾಲದ ಆರು ಗುಂಡುಗಳೂ, ಒಂದೂ ಹಾರದೆ, ಮದುಮಕ್ಕಳಂತೆ ಕೂತಿದ್ದರೆ ಚಿರತೆ ಅಲ್ಲೇ ಎದ್ದು ಕಾಡಿಗೆ ಹೋಗುತ್ತದೆ. ಕರಗಿಸಿದರೆ ಪಿಸ್ತೂಲೇ ಇಲ್ಲ, ಪಿಸ್ತೂಲಿಲ್ಲದವನಿಗೆ ಕೂಟದಲ್ಲಿ ಚಾಪೆಯಿಲ್ಲ. ಭಾನುವಾರ ಬೆಳಗ್ಗೆ ಎದ್ದು ಇನ್ನು ಯಾರಿಗಾಗಿ ವರಾಂಡ ಗುಡಿಸುವುದು ಎಂದು ಅವರು ಉಲ್ಲೇಖ (ಅ)ರಲ್ಲಿ ಕೇಳಿರುತ್ತಾರೆ. ಜ್ಞಾಪನೆಯಲ್ಲಿ ಅದನ್ನೇ ಕೇಳಿರುತ್ತಾರೆ. ಜ್ಞಾಪನೆಯ ಜ್ಞಾಪನೆಯಲ್ಲಿ ಏನನ್ನೂ ಕೇಳದೆ ಸಹಿ ಮಾತ್ರ ಮಾಡಿರುತ್ತಾರೆ.

8. ಗರಗಸ ಬಂದ ದಿನ ಶ್ರೀಮತಿ ತುಂಗಾ ಅವರು ಠಾಣೆಗೆ ಬಂದು, ಅದನ್ನು ಕೆಳಗಿಡುವಂತೆ ಕೆಂಪಯ್ಯನವರಿಗೆ ಸೂಚಿಸಿದರು. ಸಿಬ್ಬಂದಿ ಮೇಲಧಿಕಾರಿಗಳ ಸೂಚನೆಯನ್ನೂ ಇಷ್ಟು ಬೇಗ ಪಾಲಿಸಿದ್ದು ಈ ಶಾಖೆಗೆ ನೆನಪಿಲ್ಲ. ಅವರ ಹೇಳಿಕೆಯನ್ನು ಸರ್ಕಾರಿ ಭಾಷೆಗೆ ತಿರುಗಿಸಲು ಎರಡು ಸಲ ಯತ್ನಿಸಿ, ಆಗದೆ, ಅವರ ಮಾತಿನಲ್ಲೇ ಕೊಡಲಾಗಿದೆ:

"ಅದು ಗಂಧ ಅಲ್ಲ ಕಣಪ್ಪ. ಅರಗು. ಅಕ್ಕಸಾಲಿಗರ ಹತ್ರ ಇಸ್ಕೊಂಡು, ಕಾಯಿಸಿ, ಸಂದಿಗೆಲ್ಲ ನಾನೇ ಬಿಟ್ಟಿದ್ದು. ಗಂಧ ಮೇಲೆ ಮೆತ್ತಿದ್ದು, ಇವರಿಗೆ ಕಾಣಬಾರದು ಅಂತ. ಇವರಿಗೆ ಬರಬೇಕಾಗಿದ್ದ ಸೂಪರಿಂಟೆಂಡೆಂಟ್ ಕೆಲಸ ಆ ಪುರುಷೋತ್ತಮನಿಗೆ ಹೋಯ್ತು. ಇವರೇ ಕೈ ಹಿಡಿದು ಕೆಲಸ ಕಲಿಸಿದ ಹುಡುಗ. ಆವತ್ತು ಮನೆಗೆ ಬಂದೋರು ಊಟ ಮಾಡಲಿಲ್ಲ, ಮಾತಾಡಲಿಲ್ಲ. ಪಿಸ್ತೂಲು ತೊಡೆ ಮೇಲೆ ಇಟ್ಕೊಂಡು ಕೂತ್ರು. ಮಾರನೇ ದಿನಾನೂ ಹಾಗೇ. ಅದು ಯಾರಿಗೆ ಅಂತ ನಾನು ಕೇಳಲಿಲ್ಲ. ಕೇಳಿದ್ರೆ ಹೇಳಿಬಿಡ್ತಾರೇನೋ ಅಂತ ಭಯ. ಅಷ್ಟರಲ್ಲಿ ಆಯುಧಪೂಜೆ ಬಂತು. ದೇವರಮನೇಲಿ ಇಡಬೇಕು ಕೊಡಿ ಅಂದೆ, ಇಲ್ಲ ಅನ್ನೋಕಾಗಲಿಲ್ಲ. ಪೂಜೆ ಮಾಡಿದ ಗಂಧ ಕೆರೀಬಾರದು ಅಂತ ಹೇಳಿಟ್ಟೆ. ಕೆರೀಲಿಲ್ಲ ಪಾಪ. ಆಮೇಲೆ ವರ್ಷಾ ವರ್ಷಾ ಇನ್ನೊಂದು ಪದರ."

ಒಳಗೆ ಗುಂಡು ಇದೆಯೇ ಎಂದು ಕೇಳಿದ್ದಕ್ಕೆ, "ತೆಗೆಯೋಕೆ ಬಂದಿದ್ರೆ ತೆಗೆದು ಬಾವಿಗೆ ಹಾಕ್ತಿದ್ದೆ. ಅರಗು ಕಾಯಿಸೋ ಕೆಲಸ ಯಾಕೆ ಬೇಕಿತ್ತು ನಂಗೆ" ಎಂದು ಉತ್ತರಿಸಿದ್ದಾರೆ. ಇಡೀ ಪ್ರಕರಣದಲ್ಲಿ ಬುದ್ಧಿಯಿಂದ ಕೂಡಿದ ಹೇಳಿಕೆ ಇದೊಂದೇ.

9. ಹೇಳಿಕೆ ಬರೆದುಕೊಳ್ಳುವಾಗ ಶ್ರೀ ಸೇತುರಾಮ ಅವರು ಬಾಗಿಲ ಬಳಿ ಕೊಡೆ ಹಿಡಿದು ನಿಂತಿದ್ದರು. ಆ ದಿನಗಳಲ್ಲಿ ತಾನು ಏನು ಯೋಚಿಸುತ್ತ ಕೂತಿದ್ದೆನೆಂಬುದು ತನಗೊಬ್ಬನಿಗೇ ಗೊತ್ತು ಎಂದು ಅವರು ಇಷ್ಟು ವರ್ಷ ನಂಬಿದ್ದರು. "ನಿನಗೆ ಗೊತ್ತಿತ್ತೇನೇ?" ಎಂದು ಕೇಳಿದರು. "ಊಟ ಬಡಿಸೋಳಿಗೆ ಗೊತ್ತಾಗಲ್ವಾ" ಎಂದರು ಆಕೆ. ಶ್ರೀ ಸೇತುರಾಮ ಅವರಿಗೆ ಕಣ್ಣಲ್ಲಿ ನೀರು ಬಂತು. ಇದನ್ನು ನಮೂದಿಸಲು ಠೇವಣಿ ನಮೂನೆಯಲ್ಲಿ ಕಾಲಂ ಇಲ್ಲವಾದ್ದರಿಂದ ಇಲ್ಲಿ ನಮೂದಿಸಲಾಗಿದೆ. ಬಳಿಕ ಅವರು ಕೂಟದ ಕಡೆ ತಿರುಗಿ, ಚಿರತೆ ಗಿರತೆ ಏನೂ ಇರಲಿಲ್ಲವೆಂದು ತಾವಾಗಿಯೇ ಹೇಳಿದರು. ಶ್ರೀ ಮುನಿವೆಂಕಟಪ್ಪನವರು, "ನಮ್ಗೇನು ಗೊತ್ತಿರ್ನಿಲ್ವಾ ಸಾರ್, ಬ್ಯಾಡ್ರಳ್ಳಿ ನಮ್ ಅತ್ತೆ ಊರು. ಕತೆ ಚೆನ್ನಾಗಿತ್ತು, ಕೇಳ್ತಿದ್ವಿ" ಎಂದು ಚಾಪೆಯಲ್ಲಿ ಜಾಗ ಬಿಟ್ಟರು.

10. ಆದ್ದರಿಂದ ಅಂತಿಮವಾಗಿ ಆದೇಶಿಸಿರುವುದೇನೆಂದರೆ: ಗರಗಸವನ್ನು ತಂದಲ್ಲಿಗೇ ಹಿಂತಿರುಗಿಸತಕ್ಕದ್ದು. ಪಿಸ್ತೂಲನ್ನು ಕೊಯ್ಯದೆ, ಕೆರೆಯದೆ, ಒರೆಸದೆ, ಇದ್ದ ಹಾಗೆಯೇ ಶ್ರೀಮತಿ ತುಂಗಾ ಅವರ ಕೈಗೆ ಕೊಡತಕ್ಕದ್ದು. ಪರವಾನಗಿ ಎಂದಿನಂತೆ ಶ್ರೀ ಸೇತುರಾಮ ಅವರ ಹೆಸರಿನಲ್ಲಿ ಮುಂದುವರಿಯುವುದು. ಆಯುಧಪೂಜೆ ಮಾತ್ರ ಅವರ ಪತ್ನಿಯವರ ಹೆಸರಿನಲ್ಲಿರುವುದು. ಒಳಗೆ ಗುಂಡು ಇದೆಯೇ ಇಲ್ಲವೇ ಎಂಬ ಪ್ರಶ್ನೆಯನ್ನು ಯಾವುದೇ ಹಂತದ ಅಧಿಕಾರಿಯೂ ಮತ್ತೆ ಎತ್ತಕೂಡದು. ಉಳಿದ ಸದಸ್ಯರ ಪೈಕಿ ಕೆಲವರ ಮನೆಯವರು ಅರಗನ್ನು ಎಷ್ಟು ಹೊತ್ತು ಕಾಯಿಸಬೇಕೆಂದು ವಿಚಾರಿಸಿಕೊಂಡು ಠಾಣೆಗೆ ಬರುತ್ತಿದ್ದಾರೆ. ಈ ಬಗ್ಗೆ ಇಲಾಖೆಯಲ್ಲಿ ತಜ್ಞರಿಲ್ಲ. ಶ್ರೀಮತಿ ತುಂಗಾ ಅವರನ್ನೇ ರಾಜಾಜಿನಗರದಲ್ಲಿ ಮಧ್ಯಾಹ್ನ ಸಾರು ಇಳಿಸಿದ ಮೇಲೆ ಖುದ್ದಾಗಿ ಭೇಟಿಯಾಗುವುದು.

ಸಹಿ/-
(ಚನ್ನವೀರಪ್ಪ)
ಉಪಶಾಖಾಧಿಕಾರಿ,
ಹೊಗೆಯ ಕಾರಣ ಕಣ್ಣುರಿಯುತ್ತಿದ್ದರೂ ಓದಿ ನೋಡಿ ಸಹಿ ಮಾಡಲಾಗಿದೆ.

ಪ್ರತಿಗಳು:

1. ಹೆಡ್ ಕಾನ್‌ಸ್ಟೇಬಲ್ ಕೆಂಪಯ್ಯ ಅವರಿಗೆ, ಮರಳಿನ ಬಕೆಟ್ಟನ್ನು ಮತ್ತೆ ಬೆಂಕಿ ಆರಿಸುವ ಕೆಲಸಕ್ಕೆ ಬಳಸಲು.
2. ಶ್ರೀಮತಿ ಅಕ್ಕಯ್ಯಮ್ಮ ಅವರಿಗೆ, ಒಲೆಯನ್ನು ಮಹಡಿಗೆ ಹಿಂದಕ್ಕೆ ಒಯ್ಯುವಂತೆ ಕೋರಿ.
3. ಶ್ರೀ ಮುನಿವೆಂಕಟಪ್ಪ ಅವರಿಗೆ, ಕೆಂದಿ ಕ್ಷೇಮವೆಂಬ ಮಾಹಿತಿಯೊಂದಿಗೆ.
4. ಶ್ರೀ ಸೇತುರಾಮ ಅವರಿಗೆ, ಶ್ರೀಮತಿ ತುಂಗಾ ಅವರ ಮುಖಾಂತರ.
5. ಕಚೇರಿ ಕಡತಕ್ಕೆ.
6. ಶ್ರೀ ಪುರುಷೋತ್ತಮ, ಸೂಪರಿಂಟೆಂಡೆಂಟ್: ಪ್ರತಿ ಕಳುಹಿಸಿಲ್ಲ. ಮಕ್ಕಳು ಮರಿಯೊಂದಿಗೆ ಚೆನ್ನಾಗಿದ್ದಾರೆಂದು ವಿಚಾರಿಸಿ ತಿಳಿಯಲಾಗಿದೆ.